ಮೆಟ್ಟಿಲ ಮೇಲೆ ಎರಡು ಕಡ್ಡಿ

ಹಳೇ ಬಸ್‌ಸ್ಟ್ಯಾಂಡಿನ ಹಿಂದೆ, ಚಂದ್ರಕಾಂತಿ ಲಾಡ್ಜಿನಲ್ಲಿ
ನನಗೆ ಮೂರು ದಿನದ ಕೆಲಸ:
ಇಪ್ಪತ್ತಾರು ರೂಮು, ಐದು ಬಿಳಿ ಡಬ್ಬಿ,
ಒಂದು ಸುತ್ತು ನೀಲಿ ಕೇಬಲ್ಲು,
ಏಣಿ ಹಿಡಿಯೋಕೆ ತಿಪ್ಪೇಶಿ.

ದಾವಣಗೆರೆಯ ಗಿರಣಿಗಳು ಹೊಗೆ ಬಿಡುತ್ತಿದ್ದ ಕಾಲದ ಗೋಡೆ,
ಕಲ್ಲು, ಗಾರೆ, ಒಂದೂವರೆ ಅಡಿ ದಪ್ಪ.
ಡ್ರಿಲ್ಲಿನ ಎರಡು ಮೊನೆ ಮುರಿದವು.
"ಪಕ್ಕದ ರೂಮಿನ ಗೊರಕೆನೇ ದಾಟಲ್ಲ ಇದನ್ನ,
ನಿನ್ನ ನೆಟ್ಟು ದಾಟ್ತತೇನಪ್ಪ?"
ಅಂದರು ಮ್ಯಾನೇಜರು ವಾಸುದೇವಸಾ,
ಮಂಡಕ್ಕಿಯಲ್ಲಿ ಶೇಂಗಾ ಆರಿಸಿ
ಮೊದಲು ಅದನ್ನೇ ಮುಗಿಸುವ ಮನುಷ್ಯ.

ಇಲ್ಲಿಗೆ ಊರು ನೋಡಲು ಬರುವವರಿಲ್ಲ.
ಕೌಂಟರಿನ ಉದ್ದ ರಿಜಿಸ್ಟರಿನಲ್ಲಿ
'ಬಂದ ಕಾರಣ' ಎಂಬ ಕಾಲಮ್ಮಿಗೆ
ಮೇಲೊಂದು ಸಲ 'ಆಸ್ಪತ್ರೆ' ಅಂತ ಬರೆದು
ಕೆಳಗೆಲ್ಲ ಅದೇ, ಅದೇ ಎನ್ನುವ ಜೋಡಿಗೀಟು,
ಗುಬ್ಬಿ ನಡೆದು ಹೋದ ಹಾಗೆ ಪುಟದುದ್ದ.
ನಡುವೆ ಒಮ್ಮೆ 'ಬಳೆ ವ್ಯಾಪಾರ'.
ಆಮೇಲೆ ಮತ್ತೆ ಗುಬ್ಬಿ.

ಮೊದಲು ಇದ್ದದ್ದು ಒಂದೇ ಡಬ್ಬಿ,
ಎರಡನೇ ಮಹಡಿಗೆ ತಿರುಗುವಲ್ಲಿ, ಮೊಳೆಗೆ ಜೋತುಬಿದ್ದು.
ರೂಮಿನೊಳಗೆ ಸೊನ್ನೆ, ಮೆಟ್ಟಿಲ ಮೇಲೆ ಎರಡು ಕಡ್ಡಿ.
ಹಾಗಾಗಿ ರಾತ್ರಿ ಒಂಬತ್ತಕ್ಕೆ ಮೆಟ್ಟಿಲು ತುಂಬುತ್ತಿತ್ತು:
ಹರಪನಹಳ್ಳಿಯ ಕೊಟ್ರಗೌಡ, ಹೆಂಡತಿಗೆ ಹನ್ನೊಂದನೇ ಡಯಾಲಿಸಿಸ್ಸು;
ಹಿರಿಯೂರಿನ ಮೆಹರಾಜ್‌ಬಿ,
ಗಾಜಿನ ಪೆಟ್ಟಿಗೆಯಲ್ಲಿ ಮಲಗಿದ ಮೊಮ್ಮಗುವನ್ನು
ಅಂಗೈ ಅಗಲದ ಗಾಜಿನಲ್ಲಿ ಊರಿಗೆ ತೋರಿಸುತ್ತಾ;
ಬಳೆಯವನು; ಸಂಡೂರಿನ ಲಾರಿಯವನು, ಅವನಣ್ಣನ ಕಾಲು.
ಒಬ್ಬರ ಚಾರ್ಜರು ಐವರ ಕೈಗೆ.
ಯಾರದೋ ಫೋನಿನಲ್ಲಿ ಯಾರದೋ ಕೂಸು ಆಕಳಿಸಿದರೆ
ಇಡೀ ಮೆಟ್ಟಿಲು ಆಕಳಿಸುತ್ತಿತ್ತು.
ಎರಡು ರಾತ್ರಿ ನಾನೂ
ಅವರ ಕಾಲು ದಾಟಿ, ಬೈಸಿಕೊಂಡು, ಏಣಿ ಹೊತ್ತಿದ್ದೆ.

ಮೂರನೇ ದಿನ ಹಳೇದನ್ನು ಬಿಚ್ಚಿದೆ.
ಪಾಸ್‌ವರ್ಡ್ ಏನಿಡಲಿ ಅಂದರೆ ವಾಸುದೇವಸಾ
ಬಹಳ ಹೊತ್ತು ಯೋಚಿಸಿ, "ಬಾಡಿಗೆ ಮುಂಗಡ" ಅಂದರು.
ಅದನ್ನೇ ಇಟ್ಟೆ, ನಡುವೆ ಜಾಗ ಬಿಡದೆ.
ಆಮೇಲೆ ಫೋನ್ ನಂಬರು, ಓಟಿಪಿ,
ಒಪ್ಪಿಗೆ ಅನ್ನುವ ಹಸಿರು ಗುಂಡಿ.
"ಬಂದ ಕಾರಣ ಎಲ್ಲಿ ತುಂಬದು?"
"ಅದನ್ನ ಇದು ಕೇಳಲ್ಲ ಸಾರ್."
ಬಾಯಿಗೆ ಹೊರಟ ಶೇಂಗಾ
ಅವರ ಬೆರಳಲ್ಲೇ ನಿಂತಿತು.

ರಾತ್ರಿ ಒಂಬತ್ತೂವರೆ, ಪರೀಕ್ಷೆಗೆ ಹತ್ತಿದೆ.
ಒಂದರಿಂದ ಇಪ್ಪತ್ತಾರು, ಎಲ್ಲಾ ಕಡೆ ತುಂಬಾ ಕಡ್ಡಿ.
ಎಲ್ಲ ಬಾಗಿಲ ಕೆಳಗೂ ಒಂದೊಂದು ನೀಲಿ ಗೆರೆ,
ಒಂದೊಂದು ಬೇರೆ ಬೇರೆ ಕೆಮ್ಮು.
ಮೆಟ್ಟಿಲು ಖಾಲಿ.
ಎಂಟು ಲೋಟ ಚಾ ಹಿಡಿದ ಓಬಳೇಶಿ
ನಡುವೆ ನಿಂತೇ ಇದ್ದ.
"ಕೆಟ್ಟೋಯ್ತೇನಣ್ಣ?"
"ಇಲ್ಲೋ. ಸರಿಹೋಯ್ತು."
ಎರಡು ನಾವು ಕುಡಿದೆವು. ಆರು ಆರಿದವು.

ಡಬ್ಬಿ ಬಿಚ್ಚಿದ ಜಾಗದಲ್ಲಿ ಸುಣ್ಣ ಇನ್ನೂ ಬೆಳ್ಳಗೆ.
ಅದರ ಕೆಳಗೆ, ಮೆಟ್ಟಿಲಿಗೊಂದರಂತೆ ಇಳಿಯುತ್ತ,
ಒರಗಿದ ತಲೆಗಳ ಎಣ್ಣೆಯ ಗುರುತು.
ನಾಳೆ ಬಣ್ಣ ಹೊಡೆಸ್ತಾರಂತೆ.

ಹತ್ತಕ್ಕೆ ಹದಿನೆಂಟರ ಬಾಗಿಲು ಕಿರ್ ಅಂತು.
ಕೊಟ್ರಗೌಡ, ಹೆಗಲಿಗೆ ಟವೆಲ್ಲು, ಕೈಯಲ್ಲಿ ಫೋನು.
"ಒಳಗ ಫುಲ್ ಐತಿ ಬಿಡು" ಅಂದ, ನಾನು ಕೇಳದೆಯೇ.
ಮೂರನೇ ಮೆಟ್ಟಿಲಲ್ಲಿ ಕೂತ.
ಸರಿಯಾಗಿ ತನ್ನ ಗುರುತಿಗೇ ತಲೆ ಒರಗಿಸಿದ.
ಫೋನು ಬೋರಲು ಇಟ್ಟ.

ಓಬಳೇಶಿ ಲೋಟಗಳನ್ನೆತ್ತಿಕೊಂಡು
ಚಾ ಬಿಸಿ ಮಾಡಲು ಇಳಿದ.