ಒಳಜೇಬು

ರೋಮಿನಲ್ಲಿ, ಪಾರ್ಲಿಮೆಂಟಿನ ಹಿಂದಿನ ಓಣಿಯಲ್ಲಿ
ಒರೆಸ್ತೆಯ ದರ್ಜಿ ಅಂಗಡಿ; ಪರದೆಯಾಚೆ ನಾನು,
ಎರ್ಸಿಲಿಯಾ, ಕಾಜ ಹೊಲಿಯುವವಳು.
ಮೂವತ್ತೊಂದು ವರ್ಷ.
ಗೋಡೆಗೆ ಕಿವಿಯುಂಟೆಂದು ಗೊತ್ತು ಬಂದವರಿಗೆ,
ಪರದೆಯ ಲೆಕ್ಕ ಯಾರೂ ಇಟ್ಟವರಲ್ಲ.

ಮೊದಲು ಕೇಳಿದ್ದು ಒಬ್ಬ ಜನರಲ್:
‘ಎಡಗಡೆ, ಅಸ್ತರಿನೊಳಗೊಂದು ಜೇಬು.
ಮೂರು ಬೆರಳಗಲ, ಐದು ಬೆರಳುದ್ದ.
ಗುಂಡಿ ಬೇಡ, ಹೊರಗೆ ಕಾಣಲೂ ಬಾರದು.’
ಪ್ರೇಯಸಿಯ ಫೋಟೊಗೆ ಇರಬೇಕೆಂದು ನಕ್ಕೆ.
ಮರುವಾರ ನ್ಯಾಯಾಧೀಶ. ಅದೇ ಮೂರು, ಅದೇ ಐದು.
ಆಮೇಲೆ ಬ್ಯಾಂಕಿನವನು, ಪತ್ರಿಕೆಯ ಸಂಪಾದಕ,
ವಿರೋಧ ಪಕ್ಷದ ಆ ಗುಡುಗು ಗಂಟಲಿನವನು ಕೂಡ
ಪಿಸುಗುಟ್ಟಿದ: ಮೂರು, ಐದು.
ಇಷ್ಟು ಗಂಡಸರಿಗೆ ಒಂದೇ ಅಳತೆಯ ಪ್ರೇಯಸಿ ಇರುವುದುಂಟೆ?
ನಗು ನಿಂತಿತು.

ಅಂಚು ಬಿಚ್ಚಿ ರಿಪೇರಿಗೆ ಬಂದ ಕೋಟೊಂದರಲ್ಲಿ
ಮರೆತು ಉಳಿದಿತ್ತು ಒಂದು ರಟ್ಟು ಚೀಟಿ.
ಹೆಸರಿಲ್ಲ. ಒಂದು ಸಂಖ್ಯೆ. ಒಂದು ಸಹಿ,
ಯಾರದೆಂದು ಓದಲಾಗದಂತೆ.
ಹೊಲಿದು, ಇದ್ದಲ್ಲೇ ಇಟ್ಟು, ಇಸ್ತ್ರಿ ಮಾಡಿದೆ.
ಬೆರಳು ಆ ದಿನವೆಲ್ಲ ತಣ್ಣಗಿತ್ತು.

ನಲವತ್ತಾರರಲ್ಲಿ ಮೊದಲ ಸಲ ಹೆಂಗಸರಿಗೆ ಮತ.
‘ತುಟಿಗೆ ಬಣ್ಣ ಹಚ್ಚಬೇಡಿ, ಚೀಟಿಯಂಚು ನೆಕ್ಕಿ
ಅಂಟಿಸುವಾಗ ಕಲೆಯಾದರೆ ಮತ ಕೆಟ್ಟೀತು’ ಎಂದಿದ್ದರು.
ಅಮ್ಮ ಒದ್ದೆ ಬಟ್ಟೆಯಲ್ಲಿ ನನ್ನ ತುಟಿ ತಿಕ್ಕಿದಳು,
ಬಣ್ಣವೇ ಇಲ್ಲದ ತುಟಿಯನ್ನು.
ಗೋಂದಿನ ಆ ಕಹಿ ಇನ್ನೂ ನಾಲಗೆಯಲ್ಲಿದೆ.
ಅದನ್ನೇ ನಾನು ಸರಕಾರ ಅಂದುಕೊಂಡಿದ್ದೆ.

ಹೋದ ವರ್ಷ ಬಂದ ವೆಲಾರ್ದಿ, ಹೊಸ ಮಂತ್ರಿ,
ಬೆಟ್ಟದೂರಿನ ಗಣಿತದ ಮೇಷ್ಟರು. ಪ್ರಮಾಣವಚನಕ್ಕೆ ಕೋಟು.
ಒರೆಸ್ತೆ ಕೇಳಿದ, ದನಿ ತಗ್ಗಿಸಿ: ಎಡಗಡೆ?
‘ಎಡಗಡೆ ಏನು?’
ಸಂದಿಯಲ್ಲಿ ನೋಡಿದೆ: ನಿಜಕ್ಕೂ ತಿಳಿಯದವನ ಮುಖ.
ಆ ಕೋಟಿನ ಕಾಜಗಳನ್ನು ರೇಷ್ಮೆ ದಾರದಲ್ಲಿ ಹೊಲಿದೆ,
ಕೂಲಿಯ ಲೆಕ್ಕಕ್ಕೆ ಹಿಡಿಯದೆ.

ಏಳು ತಿಂಗಳು. ಅವನ ಕಡತಗಳು ಕಳೆದವು,
ಕಾರ್ಯದರ್ಶಿಗಳಿಗೆ ಜ್ವರ ಬಂತು,
ಸಂಪಾದಕ ಬರೆದ, ನ್ಯಾಯಾಧೀಶ ಕರೆಸಿದ.
ಯಾರೂ ಯಾರಿಗೂ ಹೇಳಿಕೊಟ್ಟಂತಿರಲಿಲ್ಲ.
ನನಗೆ ಮಾತ್ರ ಕಾಣುತ್ತಿತ್ತು, ಒಂದೇ ದಾರ
ಒಂದೆದೆಯಿಂದ ಇನ್ನೊಂದೆದೆಗೆ ಓಡುವುದು;
ಅದು ನನ್ನ ಕೈಯ ದಾರವೇ.

ನಿನ್ನೆ ವೆಲಾರ್ದಿ ಮತ್ತೆ ಬಂದ. ಕೋಟು ಜೋಲುತ್ತಿತ್ತು.
‘ಚಿಕ್ಕದು ಮಾಡಿ’ ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದ.
ಆಮೇಲೆ ಕನ್ನಡಿಗೆ ಬೆನ್ನು ಮಾಡಿ,
‘ಎಡಗಡೆ...’
ಒರೆಸ್ತೆ ಅಳತೆಪಟ್ಟಿ ತೆಗೆಯಲೇ ಇಲ್ಲ.

ಹೊಲಿದೆ. ಹೊಟ್ಟೆಪಾಡು.
ಕೊನೆಯ ಟಾಕಿಗೆ ಗಂಟು ಮಾತ್ರ ಹಾಕಲಿಲ್ಲ.
ಇನ್ನು ಬರುವ ಯಾರದಕ್ಕೂ ಹಾಕುವುದಿಲ್ಲ.
ದಾರ ನಿಧಾನ ಬಿಚ್ಚುತ್ತದೆ; ವರ್ಷ ಹಿಡಿದೀತು.
ಚೀಟಿ ಎಲ್ಲಿ ಬೀಳುತ್ತದೋ, ಯಾರ ಕಾಲಡಿಗೆ,
ಯಾರಾದರೂ ಬಗ್ಗಿ ಎತ್ತುತ್ತಾರೋ, ಗೊತ್ತಿಲ್ಲ.
ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿಕೊಂಡು
ಸೂಜಿಗೆ ಪೋಣಿಸುತ್ತಿದ್ದೇನೆ.
ಬಣ್ಣ ಹಚ್ಚಿಲ್ಲ.