ಒಣತೂಕ

ಐದು ಕಿಲೋದ ನಾರಿನ ಇಟ್ಟಿಗೆ, ತಿಪಟೂರಿನದಂತೆ,
ಮನಾಮದ ಅಂಗಡಿಯಲ್ಲಿ ಮೂರು ದಿನಾರು.
ಬಕೆಟ್ಟಿಗೆ ಹಾಕಿ ನೀರು ಹೊಯ್ದರೆ
ರಾತ್ರಿಯೆಲ್ಲ ಚಿಟಿಚಿಟಿ ಎನ್ನುತ್ತ ಉಬ್ಬಿ
ಬೆಳಿಗ್ಗೆ ಬಾಯಿ ಮೀರಿ ನಿಂತಿತ್ತು,
ಹುಳಿ ಬಂದ ಹಿಟ್ಟಿನ ಹಾಗೆ.

ಮೊದಲು ತೊಳೆಯಬೇಕು ಇದನ್ನು, ಮೂರು ಸಲ.
ಸಮುದ್ರ ಕಾಣದ ಊರಿನ ಕಾಯಿಯಲ್ಲೂ
ಉಪ್ಪು ಇರುತ್ತದೆ.
ಹಿಂಡಿ, ಬಸಿದು, ನಾಲಗೆಯ ತುದಿಗೆ ಮುಟ್ಟಿಸಿ ನೋಡಿದೆ
(ನರ್ಸಾದವಳು ಹೀಗೆಲ್ಲ ಮಾಡಬಾರದು).
ಆಮೇಲೆ ಬಸಳೆ ಊರಿದೆ.
ಊರಿಂದ ತಂದದ್ದಲ್ಲ, ಸಾರಿಗೆಂದು ಕೊಂಡ ಕಟ್ಟಿನಲ್ಲಿ
ಬೇಯಿಸದೆ ಉಳಿಸಿದ ಎರಡು ಗೆಣ್ಣು.

ಈಗ, ನೀರು ಹೇಗೆ?

ಬತ್ತಿ ಇಡು, ಎಂದಳು ರೂಮಿನ ಲೀನೆಟ್.
ಹಳೇ ಬನಿಯನ್ನು ಹರಿದು ಹೊಸೆದು
ಒಂದು ತುದಿ ಕುಂಡದ ಹೊಟ್ಟೆಗೆ, ಒಂದು ಡಬ್ಬಕ್ಕೆ;
ದೀಪ ಎಣ್ಣೆ ಕುಡಿದ ಹಾಗೆ ತಾನೇ ಕುಡಿಯುತ್ತದೆ.
ಕುಡಿಯಿತು.
ಹತ್ತನೆಯ ದಿನ ಮೇಲೆಲ್ಲ ಬಿಳಿ ಹಕ್ಕಳೆ.
ನೀರು ಏರಿ ಹಾರಿಹೋಗಿತ್ತು,
ಉಪ್ಪು ಹೋಗುವುದಾದರೂ ಎಲ್ಲಿಗೆ?

ತಟ್ಟೆಯಲ್ಲಿ ನಿಲ್ಲಿಸಿ ಸಿಸ್ಟರ್, ಎಂದ ವಾಚ್‌ಮನ್ ತಾಜುಲ್.
ಅವನ ಸಿಲ್ಹೆಟ್ಟಿನಲ್ಲಿ ಭತ್ತ
ಕಾಲು ನೆನೆಸಿಕೊಂಡೇ ಬೆಳೆಯುತ್ತದೆ.
ಬಸಳೆ ಬಾಡಿತು. ಬಾಡಿತೆಂದು ಇನ್ನಷ್ಟು ಹೊಯ್ದೆ.
ಕಿತ್ತು ನೋಡಿದರೆ ಬೇರು ಕಪ್ಪು,
ಒದ್ದೆ ಚಪ್ಪಲಿಯ ವಾಸನೆ.
ಉಳಿದದ್ದು ಇನ್ನೊಂದು ಗೆಣ್ಣು.

ಡ್ರಿಪ್ ನನಗೆ ಗೊತ್ತು.
ನಿಮಿಷಕ್ಕೆ ಇಷ್ಟು ಹನಿ ಎಂದು ಹೆಬ್ಬೆರಳಲ್ಲಿ
ಚಕ್ರ ತಿರುಗಿಸಿ ತಿರುಗಿಸಿ ಹದಿನಾರು ವರ್ಷ.
ಅವಧಿ ಮೀರಿದ ಸೆಟ್ಟೊಂದನ್ನು ತಂದು
ಬಾಲ್ಕನಿಯ ಸರಳಿಗೆ ತೂಗುಹಾಕಿದೆ.
ಚೆಂದವಿತ್ತು, ಸ್ವಲ್ಪ ಹೆದರಿಕೆಯೂ.
ಮೂರನೆಯ ವಾರ ನಲ್ಲಿಯ ಸುಣ್ಣ ತೂತಿಗೆ ಕಟ್ಟಿತು;
ನಾನು ನೈಟ್ ಡ್ಯೂಟಿಯಲ್ಲಿದ್ದೆ.

ಮೂರನೇ ಕುರ್ಚಿಯ ಅಬು ಮನ್ಸೂರ್ ಎಲ್ಲ ಕೇಳಿಸಿಕೊಂಡ.
ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ,
ತೋಳಿಗೆ ಎರಡು ಸೂಜಿ, ಪಕ್ಕದಲ್ಲಿ ಗಿರಗಿರ ಮಿಷನ್ನು.
ದಿನಕ್ಕೆ ಮುಕ್ಕಾಲು ಲೀಟರ್ ಅವನ ಪಾಲು,
ಗಾವಾ, ಸೂಪು, ಐಸಿನ ತುಂಡು ಎಲ್ಲ ಲೆಕ್ಕಕ್ಕೆ.
ತುಟಿ ಸದಾ ಒಡೆದಿರುತ್ತದೆ.
ತುಟಿ ನೋಡಿ ನೀರು ಕೊಟ್ಟರೆ ಎದೆಗೂಡು ತುಂಬುತ್ತದೆ.
ಅದಕ್ಕೇ ನಾವು ತುಟಿ ನೋಡುವುದಿಲ್ಲ, ತೂಕ ನೋಡುತ್ತೇವೆ,
ಬರುವಾಗೊಮ್ಮೆ, ಹೋಗುವಾಗೊಮ್ಮೆ.

ನನ್ನನ್ನು ತೂಗುತ್ತೀ, ಎಂದ.
ಅದನ್ನೂ ತೂಗು.

ಎಷ್ಟು ಸುಲಭ.
ಮೇಲಿನ ಪುಡಿ ಒಣಗಿ ಬೆಳ್ಳಗಾದದ್ದು ಸುಳ್ಳು;
ಎರಡು ಬೆರಳು ಕೆಳಗೆ ತೇವ ಕೂತಿರುತ್ತದೆ.
ಬೆಳಗಿನ ಐದಕ್ಕೆ, ಬಸ್ಸಿಗೆ ಮುಂಚೆ, ಕುಂಡ ಎತ್ತುತ್ತೇನೆ.
ಮಗು ಎತ್ತಿದ ಹಾಗಿದ್ದರೆ ಬಿಡುವುದು.
ಖಾಲಿ ಟಿಫಿನ್ ಎತ್ತಿದ ಹಾಗಿದ್ದರೆ
ಎಸಿ ಪೈಪಿನಡಿಯ ಡಬ್ಬದಿಂದ ಮಗ್ಗಲ್ಲಿ ಮೊಗೆದು
ಸುತ್ತಲೂ, ನಿಧಾನ, ಅಡಿಯಿಂದ ನಾಲ್ಕು ಹನಿ
ಉಪ್ಪನ್ನು ಹೊತ್ತು ಹೊರಗೆ ಬರುವ ತನಕ.
ಆಗಸ್ಟಿನಲ್ಲಿ ಸಂಜೆಗೂ ಒಮ್ಮೆ.
ರಜೆಗೆ ಹೋದಾಗ ಯಾರು ಎತ್ತುತ್ತಾರೆ,
ಅದು ಇನ್ನೂ ಗೊತ್ತಾಗಿಲ್ಲ.

ಅಬು ಮನ್ಸೂರನ ಅಜ್ಜ ಮುತ್ತಿನ ದೋಣಿಯಲ್ಲಿದ್ದವನು.
ಚರ್ಮದ ಚೀಲ ಹಿಡಿದು ಸಮುದ್ರದ ತಳಕ್ಕೆ ಮುಳುಗಿ
ಉಪ್ಪಿನ ನಡುವೆ ಬುಗ್ಗೆ ಬರುವ ಸಿಹಿನೀರನ್ನು
ಬಾಯಿಗೆ ಬಾಯಿ ಹಚ್ಚಿ ತುಂಬಿ ತರುತ್ತಿದ್ದನಂತೆ.
ಆ ಬುಗ್ಗೆಗಳು ಈಗಿಲ್ಲ, ಎನ್ನುತ್ತಾನೆ,
ಕಣ್ಣು ಟಿವಿಯ ಮೇಲಿಟ್ಟು.

ಸೂಜಿ ಚುಚ್ಚುವಾಗ ಕೇಳುತ್ತಾನೆ,
ಇವತ್ತೆಷ್ಟು ಕುಡಿಯಿತು?
ಒಂದೂವರೆ ಮಗ್.
ಒಂದೇ ಗುಟುಕಿಗೆ?
ಇಲ್ಲ, ನಿಧಾನಕ್ಕೆ. ತಣ್ಣಗಿತ್ತು ನೀರು.
ಕಣ್ಣು ಮುಚ್ಚುತ್ತಾನೆ. ಗಂಟಲ ಗಂಟು
ಒಮ್ಮೆ ಮೇಲೇರಿ ಇಳಿಯುತ್ತದೆ.

ಚಾರ್ಟಿನಲ್ಲಿ ಅದನ್ನು ನಾನು ಬರೆಯುವುದಿಲ್ಲ.