ಕಟ್ಟೆಯ ಅಡ್ಡಕೊಯ್ತ

ನನ್ನ ಕೆಲಸ ಗೆರೆ ಎಳೆಯುವುದು.
ಯಾರೋ ಅಗೆಯುತ್ತಾರೆ, ಯಾರೋ ಜರಡಿ ಹಿಡಿಯುತ್ತಾರೆ.
ನಾನು ಗುಂಡಿಯ ಗೋಡೆಗೆ ಮುಖ ಕೊಟ್ಟು ಕೂತು
ಚೌಕುಳಿ ಹಾಳೆಯಲ್ಲಿ ಮಣ್ಣು ಬರೆದುಕೊಳ್ಳುತ್ತೇನೆ:
ಬೂದು, ಕಂದು, ಮತ್ತೆ ಬೂದು, ಒಂದೆಳೆ ಚಿಪ್ಪು.

ಅಘನಾಶಿನಿ ಸಮುದ್ರ ಸೇರುವ ಮೊದಲು
ಎರಡು ಮನಸ್ಸು ಮಾಡುವ ಜಾಗ ಇದು.
ಗಜನಿಯಲ್ಲಿ ಕಗ್ಗದ ಕೊಯ್ಲು ಮುಗಿದು
ಕೂಳೆಯೆಲ್ಲ ಉಪ್ಪುನೀರಲ್ಲಿ ಕೊಳೆಯುತ್ತಿದೆ,
ಸಿಗಡಿಗಳಿಗೆ ಅದೇ ಮಾಡು, ಅದೇ ಊಟ.
ನಡುವೆ ಹಳೆಯ ಕಟ್ಟೆ; ಅದನ್ನು ನಾವು
ದೋಸೆ ಮಗುಚುವ ಸಟ್ಟುಗದಷ್ಟು ಜೋಪಾನವಾಗಿ ಕೊಯ್ದಿದ್ದೇವೆ.
ಪಂಪು ಹಗಲಿಡೀ ಕೆಮ್ಮುತ್ತದೆ.

ಹನ್ನೊಂದನೆಯ ದಿನ ಸಿಕ್ಕಿತು ಹೊರನಾಡಿನ ಚೂರು.
ಉದ್ದ ಹೂಜಿಯ ಕೊರಳು, ಒಂದೇ ಕಿವಿ ಉಳಿದದ್ದು.
ಕೊಠಾರಕರ್ ಸರ್ ಮಸೂರದಡಿ ಹಿಡಿದರು:
ಮಣ್ಣಿನ ಮೈಯೊಳಗೆ ಮಿನುಗುವ ಕಪ್ಪು ಕಣ,
ಬೆಂಕಿಬೆಟ್ಟ ಉಗುಳಿದ ಮರಳು, ನಮ್ಮ ಕಡೆಯದಲ್ಲ.
‘ರೋಮ್’ ಎಂದರು,
ಮಗು ಮಲಗಿದ ಕೋಣೆಯಲ್ಲಿ ಮಾತಾಡುವ ಹಾಗೆ.
ಮಧ್ಯಾಹ್ನದೊಳಗೆ ಕುಮಟೆಯಿಂದ ಎರಡು ಕ್ಯಾಮೆರಾ ಬಂತು.
ಕೊರಳಿಗೆ ಹತ್ತಿ ಹಾಸಿದ ಡಬ್ಬಿ;
ಈ ನೆಲದ ಮಡಕೆಚೂರುಗಳಿಗೆ ಎಂದಿನ ಗೋಣಿಚೀಲ.

ನನ್ನ ಹಾಳೆಯಲ್ಲಿ ಮಾತ್ರ ಅದು ಇನ್ನೂ ನೆಲದಲ್ಲೇ ಇತ್ತು.

ಸಂಜೆ ಹಮ್ಮು ಗೌಡರು ಗುದ್ದಲಿ ತೊಳೆದು ಬಂದು
ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದರು.
ಬಹಳ ಹೊತ್ತು. ಬೀಡಿ ತಾನಾಗಿ ಆರಿತು.
‘ಇದು ಬಿದ್ದದ್ದಲ್ಲ ತಂಗೀ, ಇಟ್ಟದ್ದು.
ಬಾಯಿ ಹೊಳೆಯ ಕಡೆಗೆ. ಸುತ್ತ ಈ ಕಪ್ಪು ಉಂಡೆ
ಹುಲ್ಲು ಕಲಸಿದ ಜೇಡಿ. ಒಳಗಿನ ನೀರು ಹೊರಗೆ ಹೋಗಲಿಕ್ಕೆ.’
ಬೆರಳು ಹಾಳೆಗೆ ತಾಗದ ಹಾಗೆ, ಗೆರೆಯ ಮೇಲೆ ಆಡಿತು.
‘ಇಲ್ಲಿ ಒಡೆದಿದೆ. ಇಲ್ಲಿ ಕಟ್ಟಿದ್ದಾರೆ. ಮತ್ತೆ ಇಲ್ಲಿ.
ಏಡಿಯ ಕೆಲಸ.’
ನಾನು ‘ಮಿಶ್ರ ಪದರ’ ಎಂದು ಬರೆದದ್ದನ್ನು
ಅವರು ಒಂದೊಂದೇ ಮಳೆಗಾಲವಾಗಿ ಓದಿದರು.

ಆ ರಾತ್ರಿ ನಿದ್ದೆ ಬಾರದೆ ಯೋಚಿಸಿದೆ:
ಹೊಗೆಯಾಡುವ ಬೆಟ್ಟದ ಮಗ್ಗುಲಲ್ಲಿ ಯಾರೋ
ದ್ರಾಕ್ಷಿಬಳ್ಳಿಯ ಕುಡಿ ಚಿವುಟುತ್ತಿದ್ದ.
ಬೂದಿ ಬಿದ್ದ ಮಣ್ಣು ಕೈ ಬಿಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು,
ಘಟ್ಟದ ಮೇಲೆ ಕುಮರಿ ಸುಟ್ಟು ರಾಗಿ ಎರಚಿದವಳಿಗೂ.
ಅವನ ರಸ ಯಾರು ಕುಡಿದರೋ, ಯಾವ ಬಂದರಿನಲ್ಲೋ.
ಖಾಲಿ ಹೂಜಿ ಇಲ್ಲಿಗೆ ಬಂತು; ಇಲ್ಲಿಯವನು ಅದನ್ನು
ಹೊಗಳಲಿಲ್ಲ, ಪೂಜಿಸಲಿಲ್ಲ. ತಳ ಒಡೆದು ತೂಬು ಮಾಡಿದ.

ಆಮೇಲೆ ಇನ್ನೂ ಕೆಳಗೆ ಹೋದೆವು.
ಕಟ್ಟೆಯ ಅಡಿಗೆ ಇನ್ನೊಂದು ಕಟ್ಟೆ, ಮೊಣಕಾಲೆತ್ತರ.
ಅದರಡಿ ಮಡಕೆಯೂ ಇಲ್ಲದ ಕಾಲ:
ಒಂದು ಉಜ್ಜಿದ ಕಲ್ಲು, ಇದ್ದಿಲ ಗೆರೆ,
ಹಸಿ ಜೇಡಿಯಲ್ಲಿ ಕೋಲು ಚುಚ್ಚಿದ ತೂತುಗಳ ಸಾಲು.
ಗಣಪಿ ಬ್ರಷ್ಷು ಹಿಡಿದು ಎಣಿಸಿದಳು, ಇಪ್ಪತ್ತಮೂರು.
ಎಲ್ಲಕ್ಕೂ ಗೇಣಿನ ಅಂತರ,
ಹದಿನಾಲ್ಕನೆಯದು ಮಾತ್ರ ದಿಕ್ಕು ತಪ್ಪಿದೆ.
‘ತಲೆ ಎತ್ತಿದ್ದಾಳೆ’ ಎಂದಳು ಗಣಪಿ.
‘ಯಾಕೆ?’
‘ಎಂತಕ್ಕೋ. ಹಂದಿ ಬಂತೋ, ಹುಡುಗ ಕೂಗಿದನೋ.
ನೆಟ್ಟಿಯಲ್ಲಿ ತಲೆ ಎತ್ತಿದರೆ ಹೀಗೇ ಆಗುವುದು.’
ವರದಿಯಲ್ಲಿ ಇದನ್ನು ಬರೆಯುವ ಹಾಗಿಲ್ಲ.
ಅಳತೆ ಬರೆದೆ: ಓರೆ, ಒಂಬತ್ತು ಸೆಂಟಿಮೀಟರು.

ಹುಣ್ಣಿಮೆಯ ಭರತಕ್ಕೆ ಮೊದಲು ಗುಂಡಿ ಮುಚ್ಚಬೇಕಿತ್ತು.
ಡೇರೆ ಕಿತ್ತರು, ಡಬ್ಬಿ ಜೀಪಿಗೆ ಏರಿತು,
ಪಂಪು ಬಾಡಿಗೆಯವನು ಒಯ್ದ.
ಉಳಿದವರು ಕಟ್ಟೆ ಕಟ್ಟಿದೆವು, ನಾನೂ ಸೀರೆ ಎತ್ತಿ ಕಟ್ಟಿ
ಹುಲ್ಲು ಕಲಸಿದ ಜೇಡಿಯನ್ನು ತುಳಿದೆ.
ಇನ್ನೊಬ್ಬ ಗೆರೆಗಾರ್ತಿಗೆ ಇದೊಂದು ಮಿಶ್ರ ಪದರ.

ಹಮ್ಮು ಗೌಡರು ತುಂಡು ಪಿವಿಸಿ ಪೈಪು ತಂದರು,
ನನ್ನ ಹಾಳೆಯನ್ನು ಒಮ್ಮೆ ಕೇಳಿ ನೋಡಿ
ಅದೇ ಓರೆಯಲ್ಲಿ ಇಟ್ಟರು, ಬಾಯಿ ಹೊಳೆಯ ಕಡೆಗೆ.
ನೀರು ಏರುವುದಕ್ಕೂ ಮೊದಲೇ
ಏಡಿಯೊಂದು ಬಂದು ಒಳಗೆ ಇಣುಕಿತು.